ಎಡಗಡೆಗೆ ಬಾರದ ಚೆಂಡು

ಕೊಕ್ಕರೆ ಗೋಲಿನ ಎರಡು ಕಂಬಗಳ ನಡುವೆ ನಿಂತದ್ದನ್ನು ಕಂಡವರು ಕಡಿಮೆ. ಅವನು ನಿಲ್ಲುತ್ತಿದ್ದದ್ದು ಮುಂದೆ, ಪೆನಾಲ್ಟಿ ಚೌಕದ ಗೆರೆಯ ಮೇಲೆ. ಆಟ ಆಚೆ ತುದಿಯಲ್ಲಿ ನಡೆಯುತ್ತಿದ್ದರೆ ಅದನ್ನೂ ದಾಟಿ. ಮೊದಲ ಸಲ ನೋಡಲು ಬಂದವರು, “ಅಯ್ಯೋ, ಈ ಪುಣ್ಯಾತ್ಮ ಬಾಗಿಲು ಹಾರುಹೊಡೆದಿಟ್ಟು ಬೀದಿ ಸುತ್ತೋಕೆ ಹೋಗಿದಾನಲ್ರೀ!” ಎಂದು ಕೂಗುತ್ತಿದ್ದರು. ಎರಡನೆಯ ಸಲ ಬಂದವರು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು.

ಉದ್ದನೆಯ ಕಾಲು, ಉದ್ದನೆಯ ಕತ್ತು, ಮಾತು ಕಡಿಮೆ. ಆ ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕಬ್ಬಿಣ ಕರಗಿಸಿ ಆಳೆತ್ತರದ ಉರುಳೆಗಳನ್ನು ಎರಕ ಹೊಯ್ಯುವ ಕಾರ್ಖಾನೆ ಅದು. ಅದರ ಮೂರನೆಯ ಶೆಡ್ಡಿನ ಸೂರಿನಡಿ ಓಡಾಡುವ ಕ್ರೇನಿನಲ್ಲಿ ಅವನು ಹತ್ತೊಂಬತ್ತು ವರ್ಷ ಕೂತ. ನಲವತ್ತಮೂರನೆಯ ವಯಸ್ಸಿಗೆ ಹೋದ.

ಅವನ ಸಾವಿನ ಮೊದಲ ಸುದ್ದಿ ಬಂದದ್ದು ಅದಕ್ಕೆ ಎಂಟು ತಿಂಗಳು ಮುಂಚೆ, ಹಾಡುಹಗಲಲ್ಲಿ, ಕಾರ್ಖಾನೆಯ ಹಿಂದಿನ ಮೈದಾನದಲ್ಲಿ. ಚೆಂಡು ಅರ್ಧ ಕ್ಷಣ ತಡವಾಗಿ ಬಂತು, ಅಷ್ಟೇ. ಆ ಸುದ್ದಿಯನ್ನು ಓದಬಲ್ಲವನು ಇಡೀ ಊರಿನಲ್ಲಿ ಒಬ್ಬನೇ ಇದ್ದ. ಅವನು ಓದಿದ. ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡ.

ಆ ಒಬ್ಬನನ್ನು ಮೆಣಸು ಎಂದು ಕರೆಯುತ್ತಿದ್ದರು. ಕುಳ್ಳ, ಚುರುಕು, ಮೂಗಿನ ತುದಿಯಲ್ಲೇ ಕೋಪ. ತಂಡದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವನು. ಕೆಲಸದಲ್ಲಿ ಕೊಕ್ಕರೆಯ ಕ್ರೇನಿನ ಕೆಳಗೆ ನಿಂತು, ಉರುಳೆಗಳಿಗೆ ಸರಪಳಿ ಬಿಗಿದು, ಎತ್ತು, ಇಳಿಸು, ಸರಿ ಎಂದು ಕೈಸನ್ನೆ ಮಾಡುವವನು. ಕುಲುಮೆಯ ಗದ್ದಲದಲ್ಲಿ ಕಿವಿಯ ಪಕ್ಕದಲ್ಲಿ ಕಿರುಚಿದರೂ ಕೇಳುವುದಿಲ್ಲ. ಆದ್ದರಿಂದ ಹದಿನಾಲ್ಕು ವರ್ಷ ಅವರಿಬ್ಬರ ಮಾತುಕತೆಯೆಲ್ಲ ಕೈಯಲ್ಲೇ ನಡೆದಿತ್ತು. ಕೈ ಬದಿಗೆ ಚಾಚಿದರೆ ಆ ಕಡೆಗೆ. ಮುಷ್ಟಿ ಮೇಲೆತ್ತಿದರೆ ತಾಳು. ಎರಡೂ ತೋಳು ತಲೆಯ ಮೇಲೆ ಅಡ್ಡ ಹಾಕಿದರೆ, ಏನೇ ಇರಲಿ, ಇದ್ದಲ್ಲೇ ನಿಲ್ಲು.

ಮೈದಾನಕ್ಕೂ ಅವರು ಅದನ್ನೇ ಒಯ್ದಿದ್ದರು. ಎದುರಾಳಿಗಳ ಏಟನ್ನು ಕೊಕ್ಕರೆ ಎದೆಗೆ ಅಪ್ಪಿ ಹಿಡಿಯುವುದಕ್ಕೂ, ಅರವತ್ತು ಹೆಜ್ಜೆ ಆಚೆ ಮೆಣಸು ಸೊಂಟದ ಮಟ್ಟದಲ್ಲಿ ಕೈ ಚಾಚುವುದಕ್ಕೂ ಸರಿಹೋಗುತ್ತಿತ್ತು. ಹಿಡಿದ ಕೈ ಕೆಳಗೆ ಬರುವ ಮೊದಲೇ ಚೆಂಡು ಎಡಬದಿಗೆ ಹಾರಿರುತ್ತಿತ್ತು. ಅಲ್ಲಿ ಓಡುತ್ತಿದ್ದವನು ಬಣ್ಣದ ವಿಭಾಗದವನು. ಉಗುರಿನ ಸಂದಿಯಲ್ಲಿ ಸದಾ ಬಣ್ಣ, ಅದಕ್ಕೇ ಬಣ್ಣಗಾರ. ಎದುರಾಳಿಗಳು ಹೊಡೆದು ಮುಗಿಸಿ ತಲೆ ಚಚ್ಚಿಕೊಳ್ಳುತ್ತಾ ಹಿಂದಿರುಗುವಷ್ಟರಲ್ಲಿ ಚೆಂಡು ಅವರ ಬೆನ್ನ ಹಿಂದೆ. ಬಣ್ಣಗಾರನಿಂದ ಮೆಣಸಿಗೆ, ಮೆಣಸಿನಿಂದ ಬಲೆಗೆ. ತಂಡ ನೋಡಿಕೊಳ್ಳುತ್ತಿದ್ದ ಉಗ್ರಾಣದ ಯಜಮಾನರು ಹೇಳುತ್ತಿದ್ದರು: “ನಮ್ಮ ಗೋಲೆಲ್ಲ ಹುಟ್ಟೋದು ನಮ್ಮ ಗೋಲಲ್ಲೇ ಕಣ್ರಯ್ಯ. ಮೆಣಸು ಬರೀ ನಾಮಕರಣ ಮಾಡ್ತಾನೆ.”

“ಹೆರೋ ಕಷ್ಟ ನನ್ನದು ಸಾರ್, ಒದೆಸಿಕೊಳ್ಳೋ ಕಾಲೂ ನನ್ನದು,” ಎನ್ನುತ್ತಿದ್ದ ಮೆಣಸು.

ಕೊಕ್ಕರೆ ನಗುತ್ತಿದ್ದ. ಯಾರಾದರೂ ಗುಟ್ಟು ಕೇಳಿದರೆ ಒಂದೇ ಮಾತು. “ನಾನು ಆಟಗಾರನ್ನ ನೋಡಲ್ಲ. ಖಾಲಿ ಜಾಗ ನೋಡ್ತೀನಿ. ಜಾಗಕ್ಕೆ ಎಸೀಬೇಕು, ಮನುಷ್ಯ ತಾನೇ ಬಂದು ಸೇರ್ತಾನೆ.” ನಲವತ್ತು ಅಡಿ ಮೇಲೆ ಕೂತು, ಎಂಟು ಟನ್ನಿನ ಉರುಳೆಯನ್ನು ಮನುಷ್ಯರ ನಡುವೆ ಯಾರ ಅಂಗಿಗೂ ತಾಗದಂತೆ ಸಾಗಿಸಿ ಸಾಗಿಸಿ ಕಲಿತದ್ದು ಅದು.

ಅವನು ಮುಂದೆ ನಿಲ್ಲುತ್ತಿದ್ದರಿಂದ ಹಿಂದಿನ ಸಾಲಿನವರು ಮಧ್ಯಗೆರೆಯವರೆಗೆ ಹೋಗಬಹುದಿತ್ತು. ಬೆನ್ನ ಹಿಂದೆ ಚೆಂಡು ಬಿದ್ದರೆ ಕೊಕ್ಕರೆ ಇದ್ದಾನೆ. ಅವರು ಮುಂದೆ ಹೋದದ್ದರಿಂದ ನಡುವಿನವರು ಮುಂದೆ, ಮೆಣಸು ಇನ್ನೂ ಮುಂದೆ. ಹತ್ತು ಜನ ಒಬ್ಬನ ಕಣ್ಣಿನ ಮೇಲೆ ಭಾರ ಹಾಕಿ ನಿಂತಿದ್ದರು. ಆಗ ಅದನ್ನು ಯಾರೂ ಹೀಗೆ ಯೋಚಿಸಿರಲಿಲ್ಲ.

ಚೆಂಡು ತಡವಾಗಿ ಬಂದ ಆ ದಿನದ ಪಂದ್ಯ ರೈಲ್ವೆ ವರ್ಕ್‌ಶಾಪಿನವರ ಜೊತೆ. ಮೆಣಸು ಎಡಕ್ಕೆ ಕೈ ಚಾಚಿದ. ಬಣ್ಣಗಾರ ಓಟ ಕಿತ್ತಿದ್ದ. ಚೆಂಡು ಬರಲಿಲ್ಲ. ತಿರುಗಿ ನೋಡಿದರೆ ಕೊಕ್ಕರೆ ಚೆಂಡು ಹಿಡಿದು ನಿಂತಿದ್ದಾನೆ. ಕತ್ತನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮತ್ತೆ ಎಡಕ್ಕೆ. ಆಮೇಲೆ ಎಸೆದ. ಬಣ್ಣಗಾರನನ್ನು ಆ ಹೊತ್ತಿಗೆ ಇಬ್ಬರು ಅಮರಿಕೊಂಡಿದ್ದರು.

“ಏನೋ, ತೂಕಡಿಸ್ತಿದ್ಯಾ?” ಎಂದು ಮೆಣಸು ಕೂಗಿದ.

“ಬಿಸಿಲು,” ಎಂದ ಕೊಕ್ಕರೆ.

ಮೋಡ ಮುಸುಕಿತ್ತು. ಬಿಸಿಲೆಂಬುದೇ ಇರಲಿಲ್ಲ.

ಮುಂದಿನ ಪಂದ್ಯದಲ್ಲಿ ಮೂರು ಸಲ, ಅದರಾಚೆಯದರಲ್ಲಿ ಏಳು ಸಲ. ಆಮೇಲೆ ಎಡಗಡೆಗೆ ಚೆಂಡು ಬರುವುದೇ ನಿಂತಿತು. ಕೊಕ್ಕರೆ ಎಸೆಯುವುದನ್ನು ಬಿಟ್ಟು ಒದೆಯತೊಡಗಿದ. ನೇರವಾಗಿ, ದೂರಕ್ಕೆ, ಮೈದಾನದ ನಡುಮಧ್ಯಕ್ಕೆ. ಪ್ರತಿ ವಾರ ಒಂದೆರಡು ಹೆಜ್ಜೆ ಹಿಂದೆ ಸರಿದು, ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಕಂಬಗಳ ನಡುವೆ, ಬೇರೆಲ್ಲ ಗೋಲ್‌ಕೀಪರ್‌ಗಳ ಹಾಗೆ ನಿಂತುಬಿಟ್ಟ. ಅವನು ಹಿಂದೆ ಹೋದ ಹಾಗೆ ಹಿಂದಿನ ಸಾಲೂ ಹಿಂದೆ ಹೋಯಿತು, ನಡುವಿನವರೂ ಹಿಂಜರಿದರು. ಮೆಣಸು ಮಾತ್ರ ಮುಂದೆ, ಹಬ್ಬ ಮುಗಿದ ಚಪ್ಪರದಲ್ಲಿ ಮರೆತು ಉಳಿದ ಕುರ್ಚಿಯ ಹಾಗೆ. ಅವನಿಗೂ ತಂಡಕ್ಕೂ ನಡುವೆ ಒಂದು ಹೊಲದಷ್ಟು ಜಾಗ. ಆರು ಪಂದ್ಯಗಳಲ್ಲಿ ಒಂದೇ ಗೋಲು.

ಬೈಗುಳ ಬಿದ್ದದ್ದು ಮೆಣಸಿಗೆ. ಗೋಲ್‌ಕೀಪರನಿಂದ ಗೋಲು ನಿಂತಿತು ಎಂದು ಯಾರಿಗೆ ಹೊಳೆಯುತ್ತದೆ? ಚೆಂಡು ಒಳಗೆ ಬಿಡುತ್ತಿರಲಿಲ್ಲ, ಕೊಕ್ಕರೆ ಪಾಡಿಗೆ ಕೊಕ್ಕರೆ ಸರಿಯಿದ್ದ.

“ಮೆಣಸು ಹಳೇದಾಯ್ತು, ಖಾರ ಇಳೀತು,” ಎಂದ ಕ್ಯಾಂಟೀನಿನವನು ಚಹಾ ಕೊಡುತ್ತಾ.

“ಬಿಸಿಲಿಗೆ ಹಾಕ್ರಪ್ಪ, ಹುಳ ಬಿದ್ದಿರಬೇಕು,” ಎಂದ ಇನ್ನೊಬ್ಬ.

ಮೆಣಸು ಆ ದಿನ ಜಗಳ ಮಾಡಲಿಲ್ಲ. ಅವನ ಮನಸ್ಸು ಬೇರೆ ಕಡೆ ಇತ್ತು. ಎರಡು ವಾರದಿಂದ ಅವನು ಶೆಡ್ಡಿನಲ್ಲಿ ಕತ್ತೆತ್ತಿ ನೋಡುತ್ತಿದ್ದ. ಕ್ರೇನಿನ ಗಾಜಿನ ಗೂಡಿನಲ್ಲಿ ಕೊಕ್ಕರೆಯ ತಲೆ ಮೊದಲು ಅಲುಗುತ್ತಿರಲಿಲ್ಲ. ಈಗ ಗೂಬೆಯ ತಲೆಯ ಹಾಗೆ ಆಚೆ ಈಚೆ ತಿರುಗುತ್ತಿತ್ತು. ಹಿಂದಿನ ದಿನ ಒಂದು ಉರುಳೆ ಎಡಗಡೆಯ ಕಂಬಕ್ಕೆ ಕೂದಲೆಳೆಯಷ್ಟು ಸಮೀಪ ಸಾಗಿತ್ತು. ಸರಪಳಿ ಕಂಬವನ್ನು ಉಜ್ಜಿ ಒಂದು ಹಿಡಿ ತುಕ್ಕು ಉದುರಿತ್ತು, ಮೆಣಸಿನ ಭುಜದ ಮೇಲೆ.

ಮೆಣಸು ಚಹಾದ ಲೋಟ ಎತ್ತಿಕೊಂಡು ಹೋಗಿ ಕೊಕ್ಕರೆ ಕೂತಿದ್ದ ಬೆಂಚಿನ ಎಡಪಕ್ಕಕ್ಕೆ ನಿಂತ. ಒಂದು ಮೊಳ ದೂರ. ಕೊಕ್ಕರೆ ಎದುರಿನ ಗೋಡೆ ನೋಡುತ್ತಾ ಕುಡಿಯುತ್ತಿದ್ದ. ಮೆಣಸು ಲೋಟ ಖಾಲಿ ಮಾಡುವವರೆಗೂ ಅಲ್ಲೇ ನಿಂತಿದ್ದ. ಕೊಕ್ಕರೆಗೆ ಗೊತ್ತಾಗಲಿಲ್ಲ.

ಆ ಭಾನುವಾರ ಅವನು ಕೊಕ್ಕರೆಯ ಮನೆಗೆ ಊಟಕ್ಕೆ ಹೋದ. ಮೂರನೆಯ ಮಹಡಿ, ಎರಡು ಕೋಣೆ, ಕಿಟಕಿಯ ಕೆಳಗೆ ಬಸ್ಸು ನಿಲ್ದಾಣ. ಹದಿನಾಲ್ಕು ವರ್ಷದಿಂದ ಕಂಡ ಮನೆ, ಆದರೆ ಬಾಗಿಲ ಪಕ್ಕದ ಎಡಗಡೆಯ ಚಪ್ಪಲಿ ಸ್ಟ್ಯಾಂಡು ಬಲಗಡೆಗೆ ಬಂದಿತ್ತು. ಕೋಣೆಯ ಎಡಗೋಡೆ ಪೂರ್ತಿ ಬೋಳು. ಊಟಕ್ಕೆ ಕೂತಾಗ, ಮೆಣಸು ಅತ್ತಿಗೆ ಎನ್ನುತ್ತಿದ್ದ ಕೊಕ್ಕರೆಯ ಹೆಂಡತಿ, ಗಂಡನ ತಟ್ಟೆಯ ಬಲಗಡೆಗೆ ನೀರು, ಬಲಗಡೆಗೆ ಉಪ್ಪು, ಬಲಗಡೆಗೇ ಪಲ್ಯ ಇಟ್ಟರು. ಕಾಲೇಜಿಗೆ ಹೋಗುವ ಮಗಳು, ಮೆಣಸಿಗೆ ತನ್ನ ಪರೀಕ್ಷೆಯ ಕಥೆ ಹೇಳುತ್ತಲೇ, ಅಪ್ಪನ ಎಡಗಡೆ ಉಳಿದಿದ್ದ ಮೊಸರಿನ ಬಟ್ಟಲನ್ನು ನೋಡದೆಯೇ ಈಚೆಗೆ ಸರಿಸಿದಳು. ಆ ಮನೆಯಲ್ಲಿ ಅದರ ಬಗ್ಗೆ ಯಾರೂ ಎಂದೂ ಏನೂ ಅಂದಿಲ್ಲ ಎಂಬುದು ಮೆಣಸಿಗೆ ಆಗಲೇ ತಿಳಿಯಿತು.

ಎತ್ತಿದ ತುತ್ತನ್ನು ಅವನು ತಟ್ಟೆಗೇ ಇಳಿಸಿದ.

“ಯಾಕೆ ಮೈದುನರೇ, ಉಪ್ಪು ಜಾಸ್ತಿ ಆಯ್ತಾ?” ಎಂದರು ಅತ್ತಿಗೆ. ಅವರ ಕಣ್ಣು ಮೆಣಸಿನ ಮುಖದ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

“ಇಲ್ಲ ಅತ್ತಿಗೆ. ಸರಿಯಾಗಿದೆ.”

ಬೀಳ್ಕೊಡಲು ಕೊಕ್ಕರೆ ಬಸ್ಸು ನಿಲ್ದಾಣಕ್ಕೆ ಬಂದ. ಮೆಟ್ಟಿಲು ಇಳಿಯುವಾಗ ಅವನ ಎಡಗೈ ಪಕ್ಕದ ಕಂಬಿಯನ್ನು ಬಿಡಲೇ ಇಲ್ಲ.

“ಯಾವಾಗಿನಿಂದ?” ಎಂದ ಮೆಣಸು.

“ಏನು ಯಾವಾಗಿನಿಂದ?”

“ನನ್ನ ಹತ್ರ ಆಟ ಆಡಬೇಡ ಕಣೋ. ಕ್ಯಾಂಟೀನಲ್ಲಿ ನಿನ್ನ ಪಕ್ಕ ಒಂದು ಲೋಟ ಚಹಾ ಮುಗಿಸೋ ತನಕ ನಿಂತಿದ್ದೆ. ದೆವ್ವ ನಿಂತಿದ್ರೂ ಗೊತ್ತಾಗ್ತಿತ್ತು.”

ಒಂದು ಬಸ್ಸು ಬಂದು ಹೋಯಿತು.

“ಪರದೆ ಎಳೆದ ಹಾಗೆ ಆಗುತ್ತೆ,” ಎಂದ ಕೊಕ್ಕರೆ ಕೊನೆಗೆ. “ಎಡಗಡೆ ಜಾಸ್ತಿ. ಬಲಗಡೆ ಈಗ ಶುರು. ಕಣ್ಣಿನ ನರ ಒಣಗ್ತಾ ಇದೆಯಂತೆ. ಹೋದದ್ದು ವಾಪಸ್ ಬರಲ್ಲ, ಇರೋದನ್ನ ಔಷಧಿ ಬಿಟ್ಕೊಂಡು ಹಿಡ್ಕೋಬಹುದು ಅಂದ್ರು. ನೇರಕ್ಕೆ ಚೆನ್ನಾಗೇ ಕಾಣುತ್ತೆ. ಆ ಬಸ್ಸಿನ ನಂಬರ್ ಓದಲಾ?”

“ಕಾರ್ಖಾನೆ ಡಾಕ್ಟರು ಏನಂದ್ರು?”

“ಅವರು ಗೋಡೆ ಮೇಲಿನ ಅಕ್ಷರ ಓದು ಅಂದ್ರು. ಕಡೇ ಸಾಲಿನ ತನಕ ಓದಿದೆ. ಭೇಷ್ ಅಂದ್ರು.” ಅವನು ನಕ್ಕ. ಮೆಣಸು ನಗಲಿಲ್ಲ.

“ಇಳಿದುಬಿಡೋ.”

“ಇಳಿದು?”

“ಇಳಿದು ಏನಾದ್ರೂ ಮಾಡು. ಕೆಳಗೆ ಕೆಲಸ ಇಲ್ವಾ?”

“ಕೆಳಗೆ ನಾನು ಯಾರೋ?” ಎಂದ ಕೊಕ್ಕರೆ. ಅದರಲ್ಲಿ ಅಳುವೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಗೊತ್ತಿಲ್ಲದವನು ವಿಳಾಸ ಕೇಳಿದ ಹಾಗಿತ್ತು. ಹದಿನೈದನೆಯ ವರ್ಷಕ್ಕೆ ಅಪ್ಪ ಸತ್ತು, ಓದು ಬಿಟ್ಟು, ಅದೇ ಶೆಡ್ಡಿನಲ್ಲಿ ಮರಳು ಹೊತ್ತವನು ಅವನು. ಇಪ್ಪತ್ತನಾಲ್ಕನೆಯ ವರ್ಷಕ್ಕೆ ಮೊದಲ ಸಲ ಆ ಏಣಿ ಹತ್ತಿ, ಗೂಡಿನಲ್ಲಿ ಕೂತು, ಕೆಳಗೆ ನೋಡಿ, ಎಲ್ಲವೂ ತನಗೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ ಎಂದು ಕಂಡುಕೊಂಡವನು. ಮನುಷ್ಯನಿಗೆ ತಾನು ಯಾವುದಕ್ಕೆ ಹುಟ್ಟಿದೆ ಎಂದು ತಿಳಿಯುವುದು ಅಪರೂಪ, ಅವನಿಗೆ ತಿಳಿದಿತ್ತು.

“ನೀನು ಕೆಳಗಿದೀಯಲ್ಲ,” ಎಂದ. “ನನಗೆ ನೇರ ಕಾಣೋ ಜಾಗದಲ್ಲಿ ನಿಂತ್ಕೋ. ಅಷ್ಟು ಸಾಕು. ಮೈದಾನದಲ್ಲೂ ನಡುವೆ ಬಾ, ಸಿಗುತ್ತೆ ಚೆಂಡು. ಕಪ್ ಫೈನಲ್ ಆಗಲಿ, ಮಾರನೇ ದಿನ ನಾನೇ ಹೋಗಿ ಹೇಳ್ತೀನಿ. ಮಾತು ಕೊಡು.”

ಮೆಣಸು ಮಾತು ಕೊಟ್ಟ.

ಬೇರೆ ಯಾರಾದರೂ ಆಗಿದ್ದರೆ ಕೊಡುತ್ತಿರಲಿಲ್ಲ ಅಥವಾ ಕೊಟ್ಟು ಮುರಿಯುತ್ತಿದ್ದರು. ಆದರೆ ಹದಿನಾಲ್ಕು ವರ್ಷ ಒಬ್ಬನ ಕೈಗೆ ಇನ್ನೊಬ್ಬನ ಕಣ್ಣು ಎಂದು ಬದುಕಿದವರಿಗೆ, ಇಬ್ಬರೂ ಸೇರಿದರೆ ಒಂದು ಪೂರ್ತಿ ಮನುಷ್ಯ ಆಗುತ್ತೇವೆ ಎನ್ನಿಸಿಬಿಟ್ಟಿತು.

ಸರಪಳಿ ಕಟ್ಟುವವನು ಭಾರದ ಹಾದಿಯಲ್ಲಿ ನಿಲ್ಲಬಾರದು. ಅದು ಮೊದಲ ದಿನ ಕಲಿಸುವ ನಿಯಮ. ಗೋಡೆಯ ಮೇಲೆ ಕೆಂಪಕ್ಷರದಲ್ಲೂ ಇತ್ತು. ಮರುದಿನದಿಂದ ಮೆಣಸು ಭಾರದ ಹಾದಿಯಲ್ಲೇ ನಿಂತ. ಎಂಟು ಟನ್ನು ಕಬ್ಬಿಣ ಅವನ ಎದುರಿಗೆ ತೇಲಿಕೊಂಡು ಬರುತ್ತಿದ್ದರೆ ಅವನು ಅದರ ಮುಂದೆ ಹಿಂದುಹಿಂದಾಗಿ ನಡೆಯುತ್ತಾ, ಎದೆಯ ಮುಂದೆ ಕೈ ಹಿಡಿದು, ಬಾ, ಬಾ, ನಿಲ್ಲು ಎನ್ನುತ್ತಿದ್ದ. ಹಿಂದೆ ಏನಿದೆಯೆಂದು ತಿರುಗಿ ನೋಡುವ ಹಾಗಿರಲಿಲ್ಲ. ಒಮ್ಮೆ ಅಚ್ಚಿನ ಪೆಟ್ಟಿಗೆಗೆ ಹಿಮ್ಮಡಿ ತಾಗಿ ಮುಗ್ಗರಿಸಿದ. ಎದ್ದು ನಿಂತಾಗ ಉರುಳೆಯ ತಣ್ಣನೆಯ ಮೈ ಅವನ ಟೋಪಿಯ ಅಂಚಿಗೆ ಮುಟ್ಟಿ ನಿಂತಿತ್ತು. ಮೇಲೆ ಗಾಜಿನ ಹಿಂದೆ ಕೊಕ್ಕರೆಯ ಮುಖ ಸುಣ್ಣದ ಹಾಗಿತ್ತು.

ಮೈದಾನದಲ್ಲೂ ಅದೇ. ಮೆಣಸು ಬದಿಗಳನ್ನು ಬಿಟ್ಟು ನಡುಮಧ್ಯಕ್ಕೆ ಬಂದು, ಎದುರಾಳಿಗಳ ಇಬ್ಬರು ಗಟ್ಟಿ ಆಳುಗಳ ನಡುವೆ ಬೆನ್ನು ಕೊಟ್ಟು ನಿಂತ. ಕೊಕ್ಕರೆ ನೇರಕ್ಕೆ ಒದ್ದ ಚೆಂಡನ್ನು ತಲೆಯಲ್ಲಿ, ಎದೆಯಲ್ಲಿ, ಸಿಕ್ಕಿದ್ದರಲ್ಲಿ ತಡೆದ. ಪಕ್ಕೆಲುಬು ನೀಲಿಗಟ್ಟಿತು. ಎಡಬದಿಯಲ್ಲಿ ಬಣ್ಣಗಾರ ಸುಮ್ಮನೆ ಓಡಿ, ಸುಮ್ಮನೆ ಹಿಂದಿರುಗುತ್ತಿದ್ದ.

“ನಾನೇನು ಇಲ್ಲಿ ಗಾಳಿ ಕುಡಿಯೋಕೆ ಬಂದಿದೀನಾ?” ಎಂದು ಅವನು ಒಂದು ದಿನ ರೇಗಿದ. “ನಿಮ್ಮಿಬ್ಬರ ಮದುವೆ ಮನೇಲಿ ನಮಗೆ ಎಲೆಯೇ ಇಲ್ವಾ?”

“ಎಲೆ ಹಾಕ್ತೀವಿ ತಾಳು, ಫೈನಲ್ ಆಗಲಿ,” ಎಂದ ಮೆಣಸು.

ಕೆಟ್ಟದ್ದೇನೆಂದರೆ, ಅವರು ಗೆಲ್ಲತೊಡಗಿದರು. ಸೆಮಿಫೈನಲ್‌ನ ಕೊನೆಯ ನಿಮಿಷದಲ್ಲಿ ಕೊಕ್ಕರೆ ಒದ್ದ ಚೆಂಡು ಗಾಳಿಗೆ ಸಿಕ್ಕಿ, ಎಲ್ಲರ ತಲೆ ದಾಟಿ, ಮೆಣಸಿನ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಮೊಣಕಾಲಿಗೆ! ಅವನು ಚೆಂಡನ್ನು ನೋಡಿಯೂ ಇರಲಿಲ್ಲ. ಜನ ಮೈದಾನಕ್ಕೆ ನುಗ್ಗಿ ಇಬ್ಬರನ್ನೂ ಎತ್ತಿಕೊಂಡರು. ಉಗ್ರಾಣದ ಯಜಮಾನರು ಕಣ್ಣೊರೆಸಿಕೊಳ್ಳುತ್ತಾ, “ಇದೇ ಸರಿ ಕಣ್ರಯ್ಯ, ಇನ್ನು ಮುಂದೆ ಹೀಗೇ ಆಡೋಣ, ನೇರಕ್ಕೆ!” ಎಂದರು. ಭುಜಗಳ ಮೇಲೆ ಕೂತಿದ್ದ ಕೊಕ್ಕರೆ ತನ್ನನ್ನು ಹೊತ್ತವರನ್ನು ಹುಡುಕುವವನ ಹಾಗೆ ತಲೆ ತಿರುಗಿಸುತ್ತಿದ್ದ. ಸೋತಿದ್ದರೆ ಮಾರನೆಯ ದಿನವೇ ಮುಗಿಯುತ್ತಿತ್ತು. ಗೆದ್ದದ್ದರಿಂದ ಇನ್ನು ಹದಿಮೂರು ದಿನ.

ಆ ಹದಿಮೂರನ್ನು ಮೆಣಸು ದಿನದಿನವೂ ಎಣಿಸಿದ. ಬೆಳಗ್ಗೆ ಹೆಂಡತಿ ಬುತ್ತಿ ಕೈಗೆ ಕೊಡುವಾಗ ಎಣಿಸಿದ, ಸರಪಳಿಯ ಕೊಂಡಿ ಬಿಗಿಯುವಾಗ ಎಣಿಸಿದ. ಎರಡು ಸಲ ಸುರಕ್ಷತಾ ವಿಭಾಗದ ಮೇಡಂ ಅವರ ಕೋಣೆಯ ಬಾಗಿಲವರೆಗೆ ಹೋಗಿ, ಅಲ್ಲಿಟ್ಟಿದ್ದ ನೀರು ಕುಡಿದು ಹಿಂದೆ ಬಂದ. ಇನ್ನು ಐದು. ಇನ್ನು ನಾಲ್ಕು. ಅವನ ಭಯವೆಲ್ಲ ಭಾರದ್ದು: ಕಟ್ಟಿದ ಉರುಳೆ ಯಾರದೋ ತಲೆಯ ಮೇಲೆ ಹೋಗುತ್ತದೆ, ಬಹುಶಃ ತನ್ನದೇ. ಅದಕ್ಕೆ ಅವನು ಸಿದ್ಧನಾಗಿದ್ದ. ಹುಷಾರಾಗಿ ನೋಡಿಕೊಂಡರೆ ದಾಟಿಬಿಡಬಹುದು ಎಂದುಕೊಂಡಿದ್ದ.

ಗುರುವಾರ ಮಧ್ಯಾಹ್ನ ಊಟದ ಸಿಳ್ಳೆಯಾಯಿತು. ಕೊಕ್ಕರೆ ಕ್ರೇನು ನಿಲ್ಲಿಸಿ, ಕೊಕ್ಕೆ ಮೇಲೆತ್ತಿ, ಗೂಡಿನಿಂದ ಹೊರಬಿದ್ದ. ಗೋಡೆಗುಂಟ ಕಬ್ಬಿಣದ ಹಲಗೆಯ ದಾರಿ, ಎಡಗಡೆಗೆ ಕಂಬಿ. ಆ ದಾರಿಯ ಕೊನೆಯಲ್ಲಿ ಇಳಿಯುವ ಏಣಿ. ನಡುವೆ ಒಂದು ಕಡೆ ಸಾಮಾನು ಮೇಲೆಳೆಯಲೆಂದು ಕಂಬಿಯಲ್ಲಿ ಮೂರಡಿ ಬಾಯಿ ಬಿಟ್ಟಿದ್ದರು. ಅದಕ್ಕೆ ಅಡ್ಡಲಾಗಿ ಸರಪಳಿ. ಕ್ರೇನಿನ ಗಾಲಿಗಳಿಗೆ ಗ್ರೀಸು ಹಚ್ಚುವ ಮುದುಕ, ಎಲ್ಲರ ಬಾಯಲ್ಲಿ ಗ್ರೀಸಜ್ಜ, ಆ ಸರಪಳಿ ಬಿಚ್ಚಿ, ಹಗ್ಗದಲ್ಲಿ ಡಬ್ಬಿ ಮೇಲೆಳೆದುಕೊಂಡು ಬಾಯಿಯ ಆಚೆ ಪಕ್ಕದಲ್ಲಿ, ಎಡಗಡೆಯ ಕಂಬಿಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದ. ಆ ದಾರಿಯಲ್ಲಿ ನಡೆಯುವವರು ಇಬ್ಬರೇ. ಇಬ್ಬರೂ ಒಬ್ಬರನ್ನೊಬ್ಬರು ಇಷ್ಟು ವರ್ಷ ನೋಡಿಕೊಂಡೇ ದಾಟಿದವರು.

ಮೆಣಸು ಆಗ ನಡುಮಧ್ಯದಲ್ಲಿರಲಿಲ್ಲ. ಸಿಳ್ಳೆಯಾಗಿತ್ತು, ಕೆಲಸ ಮುಗಿದಿತ್ತು, ಕೈ ತೊಳೆಯಲು ಶೆಡ್ಡಿನ ಎಡಬದಿಯ ನಲ್ಲಿಗೆ ಹೋಗಿದ್ದ. ಸೋಪು ಹಚ್ಚಿಕೊಳ್ಳುತ್ತಾ ಅಭ್ಯಾಸಬಲದಿಂದ ಮೇಲೆ ನೋಡಿದ. ಕೊಕ್ಕರೆ ಮುಖ ನೆಟ್ಟಗೆ ಏಣಿಯ ಕಡೆಗಿಟ್ಟು, ಎಡಗೈಯನ್ನು ಕಂಬಿಯ ಮೇಲೆ ಜಾರಿಸುತ್ತಾ, ಮೈಭಾರವನ್ನೆಲ್ಲ ಆ ಕೈಗೆ ಕೊಟ್ಟು ಬರುತ್ತಿದ್ದ. ಮುಂದೆ ಕಂಬಿ ಇರಲಿಲ್ಲ.

ಮೆಣಸು ಎರಡೂ ತೋಳನ್ನು ತಲೆಯ ಮೇಲೆ ಅಡ್ಡ ಹಾಕಿದ. ಸೋಪಿನ ನೀರು ಕಣ್ಣಿಗೆ ಇಳಿಯಿತು. ಅವನು ತೋಳು ಕೆಳಗಿಳಿಸಲಿಲ್ಲ. ಕಿರುಚಿದ, ಕುಲುಮೆ ಅದನ್ನು ನುಂಗಿತು. ಅವನು ನಿಂತದ್ದು ಎಡಗಡೆ.

ಕೈಗೆ ಕಂಬಿ ಸಿಗಲಿಲ್ಲ. ಕೊಕ್ಕರೆ ಅದನ್ನು ಹುಡುಕುತ್ತಾ ಇನ್ನೊಂದು ಹೆಜ್ಜೆ ವಾಲಿದ.

ಮೆಣಸು ಓಡಿದ. ಅವನಷ್ಟು ವೇಗವಾಗಿ ಓಡುವವರು ಆ ಕಾರ್ಖಾನೆಯಲ್ಲಿ ಇರಲಿಲ್ಲ. ತಲುಪಿದಾಗ ಮಾಡುವುದಕ್ಕೇನೂ ಉಳಿದಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ವರದಿ ಸಿದ್ಧವಾಗಿತ್ತು. ಕೆಲಸಗಾರನೊಬ್ಬ ಅಡ್ಡ ಸರಪಳಿ ಬಿಚ್ಚಿಟ್ಟ ಅಜಾಗರೂಕತೆಯಿಂದ ಕ್ರೇನ್ ಚಾಲಕ ಆಯತಪ್ಪಿ ಬಿದ್ದದ್ದು. ಶೆಡ್ಡಿನವರೆಲ್ಲ ಸಹಿ ಹಾಕಿದ್ದರು. ಗ್ರೀಸಜ್ಜನನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ಸಿಕ್ಕವರ ಕೈ ಹಿಡಿದು ಅವನು ಒಂದೇ ಮಾತು ಹೇಳುತ್ತಿದ್ದ: “ನಾನು ಅಲ್ಲೇ ಕೂತಿದ್ನಪ್ಪಾ, ಒಂದು ಮಾರು ದೂರ. ತಡಿಯಪ್ಪಾ ತಡಿ ಅಂದೆ. ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಬಂದ. ನಾನು ಇಲ್ಲವೇ ಇಲ್ಲ ಅನ್ನೋ ಹಾಗೆ!”

“ಕೊಂದು ಕಥೆ ಕಟ್ತಾನೆ ಮುದುಕ,” ಎಂದು ಬಣ್ಣಗಾರ ಕೈ ಕೊಸರಿಕೊಂಡ. ಅವನ ಕಣ್ಣು ಅತ್ತು ಅತ್ತು ಊದಿತ್ತು.

ಮೆಣಸು ಅದನ್ನು ಕೇಳಿಕೊಂಡೇ ಒಳಗೆ ಹೋದ. ಸುರಕ್ಷತಾ ವಿಭಾಗದ ಮೇಡಂ ಹಾಳೆಯನ್ನು ಅವನತ್ತ ತಿರುಗಿಸಿ, ಸಹಿ ಮಾಡುವ ಜಾಗ ತೋರಿಸಿದರು. ಸಹಿ ಹಾಕಿದರೆ ಕೊಕ್ಕರೆ ಕೊಕ್ಕರೆಯಾಗಿಯೇ ಉಳಿಯುತ್ತಿದ್ದ: ಹತ್ತೊಂಬತ್ತು ವರ್ಷದಲ್ಲಿ ಯಾರ ಅಂಗಿಗೂ ಭಾರ ತಾಗಿಸದವನು. ಮುದುಕ ಮಾತ್ರ ಗೇಟಿನ ಹೊರಗೆ ಉಳಿಯುತ್ತಿದ್ದ.

“ಅವನಿಗೆ ಎಡಗಡೆ ಕಾಣ್ತಿರಲಿಲ್ಲ ಮೇಡಂ,” ಎಂದ ಮೆಣಸು.

“ವೈದ್ಯಕೀಯ ಪರೀಕ್ಷೆಯಲ್ಲಿ ಸರಿ ಇದೆಯಲ್ಲ?”

“ನೇರಕ್ಕೆ ಸರಿ ಇತ್ತು.”

“ನಿಮಗೆ ಹೇಗೆ ಗೊತ್ತಾಯ್ತು?”

“ಆಟದಲ್ಲಿ. ಅವನು ಎಡಗಡೆಗೆ ಎಸೆಯೋದನ್ನ ಬಿಟ್ಟ. ನಮ್ಮ ಗೋಲು ನಿಂತ್ಹೋಯ್ತು.”

ಅವರು ಪೆನ್ನು ಕೆಳಗಿಟ್ಟು ಅವನನ್ನು ನೋಡಿದರು. ಗೋಲ್‌ಕೀಪರ್ ಎಲ್ಲಿ ನಿಲ್ಲುತ್ತಾನೆ, ಅವನು ಹಿಂದೆ ಸರಿದರೆ ಮುಂದಿನವನಿಗೆ ಏನಾಗುತ್ತದೆ ಎಂದು ಅವನು ವಿವರಿಸಿದ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಅರ್ಥವಾಯಿತೋ ಇಲ್ಲವೋ, ತಿಂಗಳು ಮಾತ್ರ ಲೆಕ್ಕ ಹಾಕಿದರು.

“ಎಂಟು ತಿಂಗಳು. ಆ ಕ್ರೇನಿನ ಕೆಳಗೆ ದಿನಕ್ಕೆ ನಲವತ್ತು ಜನ ಓಡಾಡ್ತಾರೆ. ನೀವೂ ಅವರಲ್ಲಿ ಒಬ್ಬರು.”

“ಹೌದು ಮೇಡಂ.”

“ಯಾಕೆ ಹೇಳಲಿಲ್ಲ?”

ಅವನ ಹತ್ತಿರ ಒಳ್ಳೆಯ ಉತ್ತರಗಳಿದ್ದವು. ಗೆಳೆತನ, ಕೊಟ್ಟ ಮಾತು, ಒಬ್ಬ ಮನುಷ್ಯನ ಮಾನ. ಎಲ್ಲವೂ ನಿಜವೇ. ಆದರೆ ಸೆಮಿಫೈನಲ್ ಆದಮೇಲೆ ಕಳೆದ ದಿನಗಳಿಗೆ ಅವು ಯಾವುವೂ ಉತ್ತರವಲ್ಲ ಎಂದು ಅವನಿಗೆ ಗೊತ್ತಿತ್ತು.

“ಶನಿವಾರ ಫೈನಲ್ ಇತ್ತು ಮೇಡಂ.”

“ಅಷ್ಟೇನಾ?”

“ಅಷ್ಟೇ.”

ಅವರು ಹಳೆಯ ಹಾಳೆಯನ್ನು ಹರಿದರು. ಗ್ರೀಸಜ್ಜನನ್ನು ಒಳಗೆ ಕರೆಸಿದರು. ಮೆಣಸು ಹೊರಬಂದಾಗ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಕ್ಯಾಂಟೀನಿನಲ್ಲಿ ಅವನು ಹೋಗಿ ಕೂತ ಬೆಂಚಿನಿಂದ ಇಬ್ಬರು ಎದ್ದರು. ಬಣ್ಣಗಾರ ಎದುರಿಗೆ ಬಂದು ನಿಂತ. “ಕುರುಡನ್ನ ನಮ್ಮ ತಲೆ ಮೇಲೆ ಕೂರಿಸಿ, ಎಲೆ ಹಾಕ್ತೀನಿ ತಾಳು ಅಂದ್ಯಲ್ಲೋ,” ಎಂದ.

ಅಲ್ಲಿಂದ ಮೆಣಸು ನೇರ ಕೊಕ್ಕರೆಯ ಮನೆಗೆ ನಡೆದ. ಬೇರೆಯವರ ಬಾಯಿಂದ ಅತ್ತಿಗೆಗೆ ತಿಳಿಯುವುದು ಬೇಡವೆಂದು. ಮೂರು ಮಹಡಿ ಹತ್ತುವಷ್ಟರಲ್ಲಿ, ಓಡುವುದನ್ನೇ ಬದುಕು ಮಾಡಿಕೊಂಡವನಿಗೆ ಏದುಸಿರು ಬಂತು. ಬಾಗಿಲು ತೆರೆದವರು ಅತ್ತಿಗೆ. ಒಳಗೆ ನೆಂಟರ ಮಾತು ಕೇಳುತ್ತಿತ್ತು. ಅವನು ಹೊಸ್ತಿಲಾಚೆ ನಿಂತೇ ಎಲ್ಲ ಹೇಳಿದ: ಬಸ್ಸು ನಿಲ್ದಾಣ, ಕೊಟ್ಟ ಮಾತು, ಎಣಿಸಿದ ದಿನಗಳು, ಈಗ ಕಚೇರಿಯಲ್ಲಿ ಹೇಳಿ ಬಂದದ್ದು.

ಅವರು ಬಾಗಿಲ ಅಂಚನ್ನು ಹಿಡಿದುಕೊಂಡೇ ಕೇಳಿದರು.

“ನನಗೂ ಗೊತ್ತಿತ್ತು,” ಎಂದರು. “ಆ ಭಾನುವಾರ ನೀವು ಊಟಕ್ಕೆ ಕೂತಾಗ ನಿಮಗೂ ಗೊತ್ತಾಯ್ತು ಅಂತ ನೋಡಿದೆ. ಸದ್ಯ ಅನ್ನಿಸ್ತು. ಕೆಳಗಡೆ ನೀವಿದೀರಲ್ಲ, ನೀವು ಇಳಿಸ್ತೀರಿ ಅಂದ್ಕೊಂಡೆ. ನಾನು ಹೇಳಿದ್ರೆ ಅವರ ಮುಖ ನೋಡೋಕಾಗ್ತಿರಲಿಲ್ಲ.”

“ನಾನೂ ಅತ್ತಿಗೆ, ನೀವು ಮನೇಲಿ...”

“ಹೇಳಬೇಡಿ,” ಎಂದರು ಅವರು.

ಕೆಳಗೆ ಬಸ್ಸೊಂದು ಬಂದು ನಿಂತು, ಜನ ಇಳಿದು, ಹತ್ತಿ, ಹೋಯಿತು. ಒಳಗಿನಿಂದ ಮಗಳು “ಯಾರಮ್ಮಾ? ಚಿಕ್ಕಪ್ಪನಾ?” ಎಂದು ಕೇಳಿದಳು. ಅತ್ತಿಗೆ ತಿರುಗಲಿಲ್ಲ.

“ಅವಳಿಗೆ ನಾನೇ ಹೇಳ್ತೀನಿ. ಸ್ವಲ್ಪ ದಿನ ನೀವು ಈ ಕಡೆ ಬರಬೇಡಿ. ನಿಮ್ಮ ಮೇಲೆ ಸಿಟ್ಟಲ್ಲ. ನಿಮ್ಮನ್ನ ನೋಡಿದ್ರೆ ನನ್ನನ್ನೇ ನೋಡಿದ ಹಾಗಾಗುತ್ತೆ.”

ಮೆಣಸು ಹೂಂ ಎಂದ. ಅವರು ಬಾಗಿಲನ್ನು ಮೆಲ್ಲಗೆ, ಸದ್ದಾಗದ ಹಾಗೆ ಹಾಕಿದರು. ಒಳಗಿನಿಂದ ಚಿಲಕ ಬೀಳುವವರೆಗೂ ಅವನು ಅಲ್ಲೇ ನಿಂತಿದ್ದು, ಆಮೇಲೆ ಇಳಿಯತೊಡಗಿದ.